ಸದ್ದು ಮಾಡಬೇಡ, ಅತ್ತ ನೋಡಬೇಡ, ದೂರ ಹೋಗಬೇಡ: ತಾಯಂದಿರ ಭಯದ ಸಿನಿಮಾಗಳ ಬಗ್ಗೆ ನೋಡುಗರು ಯಾಕೆ ಇಷ್ಟು ಜಗಳವಾಡುತ್ತಾರೆ?

ಕಳೆದ ಆಟಿ ತಿಂಗಳ ಮಳೆಯಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ಹನ್ನೆರಡು ಜನ ಕೂತು ಒಂದು ಭಯದ ಸಿನಿಮಾ ನೋಡಿದೆವು. ನಮ್ಮದು ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗಿನ ಊರು. ಎರಡು ದಿನದಿಂದ ಮಳೆ ಬಿಟ್ಟಿರಲಿಲ್ಲ. ಅಡಿಕೆಗೆ ಮದ್ದು ಬಿಡಲು ಬಂದವರು ಕಾದು ಕಾದು ಒಳಗೆ ಬಂದು ಕೂತಿದ್ದರು. ನೆರೆಮನೆಯ ಇಬ್ಬರು ಅಕ್ಕಂದಿರು ಹಲಸಿನ ಬೀಜ ಸುಲಿಯುತ್ತಿದ್ದರು. ಮಳೆಗೆ ರಜೆ ಸಿಕ್ಕಿದ ಅಂಗನವಾಡಿ ಟೀಚರ್ ಇದ್ದರು. ದುಬೈಯಿಂದ ರಜೆಯಲ್ಲಿ ಬಂದ ಹುಡುಗನೊಬ್ಬ ಇದ್ದ. ಸಣ್ಣ ಮಕ್ಕಳನ್ನು ಅಜ್ಜಿಯ ಹತ್ತಿರ ಒಳಗೆ ಕಳಿಸಿದ್ದೆವು.

ಸಿನಿಮಾ ಆರಿಸಿದ್ದು ನನ್ನ ಅಕ್ಕನ ಮಗ. "ಇದರಲ್ಲಿ ಮಾತೇ ಕಡಿಮೆ ಚಿಕ್ಕಮ್ಮ, ಎಲ್ಲರಿಗೂ ಅರ್ಥ ಆಗ್ತದೆ" ಎಂದ. ಅವನು ಹೇಳಿದ್ದು ಸರಿಯೇ. ಅಲ್ಲಿ ಕನ್ನಡದವರು, ತುಳುವಿನವರು, ಮಲಯಾಳದವರು, ಬ್ಯಾರಿ ಮಾತಾಡುವವರು ಒಟ್ಟಿಗೆ ಕೂತಿದ್ದೆವು. ಕಾಸರಗೋಡಿನ ಚಾವಡಿಗಳಲ್ಲಿ ಇದೇನೂ ಹೊಸತಲ್ಲ. ಇಂಗ್ಲಿಷ್ ಸಿನಿಮಾ ಹಾಕಿದರೆ ಮಾತ್ರ ಅರ್ಧ ಜನ ಎದ್ದು ಹೋಗುತ್ತಾರೆ. ಅಂದು ಯಾರೂ ಏಳಲಿಲ್ಲ.

ಸಿನಿಮಾದ ಹೆಸರು 'ಎ ಕ್ವಾಯಟ್ ಪ್ಲೇಸ್'. 2018ರಲ್ಲಿ ಬಂದದ್ದು. ತೊಂಬತ್ತು ನಿಮಿಷದಲ್ಲಿ ಮುಗಿಯಿತು. ಆಮೇಲಿನ ಚರ್ಚೆ ಎರಡು ಗಂಟೆ ನಡೆಯಿತು. ಒಬ್ಬರಿಗೆ ಅದು ಹತ್ತು ವರ್ಷದಲ್ಲಿ ನೋಡಿದ ಅತಿ ಒಳ್ಳೆಯ ಸಿನಿಮಾ. ಇನ್ನೊಬ್ಬರಿಗೆ ತಲೆಬುಡ ಇಲ್ಲದ ಕತೆ. ಆ ತಾಯಿ ದೇವತೆ ಎಂದರು ಒಬ್ಬರು. ಅವಳಿಗೆ ಬುದ್ಧಿ ಇಲ್ಲ ಎಂದರು ಮತ್ತೊಬ್ಬರು. ನಾನು ಊರಿನ ವಾಚನಾಲಯದ ಕೆಲಸ ನೋಡಿಕೊಳ್ಳುವವಳು. ಒಂದೇ ಪುಸ್ತಕಕ್ಕೆ ಹತ್ತು ಅಭಿಪ್ರಾಯ ಬರುವುದು ನನಗೆ ಅಭ್ಯಾಸ. ಆದರೆ ಈ ಜಾತಿಯ ಸಿನಿಮಾಕ್ಕೆ ಬರುವಷ್ಟು ಬಿಸಿಯಾದ, ಅಷ್ಟು ದೂರ ದೂರದ ಅಭಿಪ್ರಾಯಗಳನ್ನು ಬೇರೆಲ್ಲೂ ನೋಡಿಲ್ಲ. ಯಾಕೆ ಹೀಗೆ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ನನಗೆ ಹೊಳೆದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಕತೆಗಳ ಕೊನೆಯನ್ನೂ ಹೇಳಬೇಕಾಗುತ್ತದೆ, ನೋಡದವರು ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಇದು ಯಾವ ಬಗೆಯ ಸಿನಿಮಾ ಎಂದು ನೋಡೋಣ. ಲೋಕವೆಲ್ಲ ಹಾಳಾಗಿ ಹೋಗಿದೆ. ಸರ್ಕಾರ ಇಲ್ಲ, ಆಸ್ಪತ್ರೆ ಇಲ್ಲ, ಅಂಗಡಿ ಇಲ್ಲ, ಕರೆದರೆ ಬರುವವರು ಇಲ್ಲ. ಎಲ್ಲೋ ಬೆರಳೆಣಿಕೆಯ ಜನ ಉಳಿದಿದ್ದಾರೆ. ಹೊರಗೆ ಏನೋ ಒಂದು ಕೊಲ್ಲಲು ಕಾದಿದೆ. ಇಷ್ಟರ ನಡುವೆ ಇನ್ನೊಂದು ದಿನ ಬದುಕಬೇಕು. ಪ್ರಳಯದ ನಂತರದ ಕತೆ ಎನ್ನಿ. ಇಂಗ್ಲಿಷಿನಲ್ಲಿ ಇದಕ್ಕೆ 'ಅಪೋಕ್ಯಾಲಿಪ್ಸ್' ಎಂಬ ಶಬ್ದ ಬಳಸುತ್ತಾರೆ. ಅದು ಗ್ರೀಕ್‌ನಿಂದ ಬಂದದ್ದು. ಮೂಲ ಅರ್ಥ ನಾಶ ಎಂದಲ್ಲ, ಮುಸುಕು ತೆಗೆಯುವುದು ಎಂದು. ನನಗೆ ಈ ಅರ್ಥ ಬಹಳ ಹಿಡಿಸಿತು. ಎಲ್ಲ ಹೋದ ಮೇಲೆ ಅಡಿಯಲ್ಲಿ ಏನು ಇತ್ತು ಎಂದು ಕಾಣಿಸುತ್ತದಲ್ಲ, ಅದು.

ಇಂಥ ಕತೆಗಳು ಹಿಂದೆಯೂ ಇದ್ದವು. ಒಬ್ಬ ಗಂಡಸು, ಕೈಯಲ್ಲಿ ಕೋವಿ, ಖಾಲಿ ರಸ್ತೆ. ಆ ಜಾಗಕ್ಕೆ ತಾಯಿ ಬಂದು ನಿಂತಾಗ ಇಡೀ ಲೆಕ್ಕ ಬದಲಾಗುತ್ತದೆ. ಒಬ್ಬನೇ ಇದ್ದರೆ ಓಡಬಹುದು. ಸೊಂಟದಲ್ಲಿ ಮಗು ಇದ್ದರೆ ಹೇಗೆ ಓಡುವುದು? ಮಗು ಅಳುತ್ತದೆ, ಹಸಿವು ಎನ್ನುತ್ತದೆ, ಹೇಳಿದ ಮಾತು ಕೇಳುವುದಿಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಇಂಥ ಮೂರು ಸಿನಿಮಾಗಳು ಬಹಳ ಮಾತಿಗೆ ಕಾರಣವಾದವು. 'ಎ ಕ್ವಾಯಟ್ ಪ್ಲೇಸ್' ಮೊದಲನೆಯದು. ಜಾನ್ ಕ್ರಾಸಿನ್‌ಸ್ಕಿ ನಿರ್ದೇಶಿಸಿ, ತಂದೆಯ ಪಾತ್ರವನ್ನೂ ಮಾಡಿದ್ದಾರೆ. ತಾಯಿಯ ಪಾತ್ರದಲ್ಲಿ ಅವರ ನಿಜ ಜೀವನದ ಹೆಂಡತಿ ಎಮಿಲಿ ಬ್ಲಂಟ್. ಅಲ್ಲಿ ಸದ್ದು ಮಾಡಿದರೆ ಸಾವು. ಎಲ್ಲಿಂದಲೋ ಬಂದ ಪ್ರಾಣಿಗಳಿಗೆ ಕಣ್ಣಿಲ್ಲ, ಆದರೆ ಕಿವಿ ಭಯಂಕರ ಚುರುಕು. ಅದೇ 2018ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 'ಬರ್ಡ್ ಬಾಕ್ಸ್' ಬಂತು. ನಿರ್ದೇಶಕಿ ಸೂಸನ್ ಬೀರ್, ತಾಯಿಯಾಗಿ ಸಾಂಡ್ರಾ ಬುಲಕ್. ಅಲ್ಲಿ ಹೊರಗೆ ಇರುವುದನ್ನು ಕಣ್ಣಿನಿಂದ ನೋಡಿದವರು ತಮ್ಮನ್ನು ತಾವೇ ಕೊಂದುಕೊಳ್ಳುತ್ತಾರೆ. ಹಾಗಾಗಿ ತಾಯಿ ಎರಡು ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ, ತಾನೂ ಕಟ್ಟಿಕೊಂಡು, ದೋಣಿಯಲ್ಲಿ ಹೊಳೆ ಇಳಿಯುತ್ತಾಳೆ. ಮೂರನೆಯದು 2024ರ 'ನೆವರ್ ಲೆಟ್ ಗೋ'. ಹ್ಯಾಲಿ ಬೆರ್ರಿ ತಾಯಿ. ಕಾಡಿನ ನಡುವಿನ ಮನೆ, ಅವಳಿ ಗಂಡುಮಕ್ಕಳು. ಮನೆಯಿಂದ ಹೊರಗೆ ಕಾಲಿಡುವಾಗ ಸೊಂಟಕ್ಕೆ ಹಗ್ಗ ಇರಲೇಬೇಕು, ಹಗ್ಗದ ಇನ್ನೊಂದು ತುದಿ ಮನೆಗೆ ಕಟ್ಟಿರಬೇಕು. ಹಗ್ಗ ಬಿಟ್ಟರೆ ಕೆಟ್ಟದ್ದು ಬಂದು ಹಿಡಿಯುತ್ತದೆ ಎನ್ನುತ್ತಾಳೆ ತಾಯಿ. ಆ ಕೆಟ್ಟದ್ದು ಕಾಣುವುದು ಅವಳೊಬ್ಬಳಿಗೇ.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಸದ್ದು ಮಾಡಬೇಡ. ಅತ್ತ ನೋಡಬೇಡ. ದೂರ ಹೋಗಬೇಡ. ಇದು ನಾವು ದಿನಾ ಮಕ್ಕಳಿಗೆ ಹೇಳುವ ಮಾತು, ಅಲ್ವಾ? ಅಪ್ಪ ಮಲಗಿದ್ದಾರೆ, ಸದ್ದು ಮಾಡಬೇಡ. ಅಲ್ಲಿ ಯಾರೋ ಜಗಳ ಮಾಡುತ್ತಿದ್ದಾರೆ, ಅತ್ತ ನೋಡಬೇಡ. ತೋಡಿನಲ್ಲಿ ನೀರು ಜಾಸ್ತಿ ಉಂಟು, ದೂರ ಹೋಗಬೇಡ. ತಾಯಿಯ ಬಾಯಿಯಲ್ಲಿ ಸವೆದು ಹೋದ ಈ ಮೂರು ಮಾತುಗಳನ್ನು ಸಿನಿಮಾದವರು ಎತ್ತಿಕೊಂಡಿದ್ದಾರೆ. ಮಾತು ಮೀರಿದರೆ ಮಗು ಸತ್ತೇಹೋಗುತ್ತದೆ ಎಂಬ ಹಂತಕ್ಕೆ ಒಯ್ದು ನಿಲ್ಲಿಸಿದ್ದಾರೆ. ಈ ಜಾತಿಯ ಭಯ ಹುಟ್ಟುವುದು ಇಲ್ಲಿಂದ. ಪ್ರಾಣಿ, ಭೂತ, ರಾಕ್ಷಸ ಎಲ್ಲ ಆಮೇಲೆ.

ನೋಡುಗರು ಇಬ್ಭಾಗವಾಗುವುದೂ ಇಲ್ಲಿಯೇ ಶುರು ಎಂದು ನನಗೆ ಅನಿಸುತ್ತದೆ. ಆ ಮಾತನ್ನು ಹೇಳಿ ಹೇಳಿ ದಣಿದವರು ಒಂದು ಕಡೆ. ಕೇಳಿ ಕೇಳಿ ಬೇಸತ್ತವರು ಇನ್ನೊಂದು ಕಡೆ. ನಮ್ಮ ಚಾವಡಿಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದ ಅಕ್ಕಂದಿರು ಮೊದಲ ಹತ್ತು ನಿಮಿಷದಲ್ಲೇ ಕೈ ನಿಲ್ಲಿಸಿದ್ದರು. ದುಬೈ ಹುಡುಗ ಮೊಬೈಲ್ ನೋಡುತ್ತಿದ್ದ.

"ಅಂಥ ಹೊತ್ತಿನಲ್ಲಿ ಬಸುರಾಗ್ತಾರಾ?"

'ಎ ಕ್ವಾಯಟ್ ಪ್ಲೇಸ್' ಬಗ್ಗೆ ಎಲ್ಲೆಲ್ಲೂ ಕೇಳಿಬಂದ ದೊಡ್ಡ ಆಕ್ಷೇಪ ಇದು. ಸದ್ದು ಮಾಡಿದರೆ ಸಾವು ಎಂದು ಗೊತ್ತಿದ್ದೂ ಯಾರಾದರೂ ಮಗು ಮಾಡಿಕೊಳ್ಳುತ್ತಾರಾ? ಮಗು ಅಳದೆ ಇರುತ್ತದಾ? ನಮ್ಮಲ್ಲೂ ಮೊದಲು ಬಂದದ್ದು ಇದೇ ಪ್ರಶ್ನೆ. ಕೇಳಿದ್ದು ದುಬೈ ಹುಡುಗ.

ಅದಕ್ಕೆ ಉತ್ತರ ಕೊಟ್ಟದ್ದು ಟೀಚರ್. ಅವರ ಎರಡನೇ ಮಗು ಹುಟ್ಟಿದ್ದು 2020ರ ಏಪ್ರಿಲಿನಲ್ಲಿ. ಆ ತಿಂಗಳನ್ನು ಕಾಸರಗೋಡಿನವರು ಮರೆಯುವುದಿಲ್ಲ. ಕೊರೋನ ಎಂದು ಮಾರ್ಚ್ ಕೊನೆಗೆ ಕರ್ನಾಟಕದ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದು ಗುಡ್ಡೆ ಹಾಕಿದರು. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ವಾಪಸಾದವು. ಚಿಕಿತ್ಸೆ ಸಿಗದೆ ಜನ ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಟೀಚರ್ ಆಗ ತುಂಬು ಗರ್ಭಿಣಿ. "ರಾತ್ರಿ ನೋವು ಬಂದ್ರೆ ಎಲ್ಲಿಗೆ ಹೋಗುದು ಅಂತ ದಿನಾ ಲೆಕ್ಕ ಹಾಕ್ತಿದ್ದೆ. ಅಂಥ ಕಾಲ ಬರ್ತದೆ ಅಂತ ಗೊತ್ತಿದ್ದು ಬಸುರಾದದ್ದಾ ನಾನು?" ಎಂದರು.

ಆ ಉತ್ತರ ಗಟ್ಟಿಯಾದದ್ದೇ. ಆದರೆ ಸಿನಿಮಾಕ್ಕೆ ಪೂರ್ತಿ ಹೊಂದುವುದಿಲ್ಲ ಎಂದು ಅಕ್ಕನ ಮಗ ಹೇಳಿದ. ಅವನ ಲೆಕ್ಕ ನೋಡಿ. ಸಿನಿಮಾದಲ್ಲಿ ದಿನಗಳ ಎಣಿಕೆ ಪರದೆಯ ಮೇಲೆ ಬರುತ್ತದೆ. 89ನೇ ದಿನ ಆ ಮನೆಯ ಕಿರಿಯ ಮಗ ಸಾಯುತ್ತಾನೆ. ನಾಲ್ಕು ವರ್ಷದ ಮಗು, ಸದ್ದು ಮಾಡುವ ಒಂದು ಆಟಿಕೆಯ ಆಸೆಗೆ. ತಾಯಿ ತುಂಬು ಗರ್ಭಿಣಿಯಾಗಿ ಕಾಣುವುದು 472ನೇ ದಿನ. ಒಂಬತ್ತು ತಿಂಗಳು ಎಂದರೆ ಸುಮಾರು 270 ದಿನ. ಕಳೆದು ನೋಡಿದರೆ ಉತ್ತರ 200ರ ಹತ್ತಿರ. ಅಂದರೆ ಪ್ರಾಣಿಗಳು ಬಂದ ಮೇಲೆ, ಮಗ ಸತ್ತ ಮೇಲೆ, ಎಲ್ಲ ಗೊತ್ತಿದ್ದೇ ಬಸುರಾದದ್ದು.

ಚಾವಡಿ ಒಂದು ಗಳಿಗೆ ಸುಮ್ಮನಾಯಿತು. ಆಗ ಬೀಜ ಸುಲಿಯುತ್ತಿದ್ದ ಅಕ್ಕಂದಿರಲ್ಲಿ ಹಿರಿಯವರು, "ಹಾಗಾದ್ರೆ ಸತ್ತ ಮಗು ವಾಪಸ್ ಬರ್ಲಿ ಅಂತ" ಎಂದರು.

ನನಗೆ ಅಂದಿನ ಎಲ್ಲ ಮಾತುಗಳಲ್ಲಿ ಇದು ಉಳಿದುಕೊಂಡಿತು. ಸಿನಿಮಾದಲ್ಲಿ ಎಲ್ಲೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಲೆಕ್ಕ ಹಾಕಿದರೆ ಅದೇ ಸಿಗುತ್ತದೆ. ನಮ್ಮಲ್ಲಿ ಮಗು ಕಳೆದುಕೊಂಡ ಮನೆಗೆ ಮತ್ತೆ ಮಗು ಬಂದರೆ ಹೋದವನೇ ತಿರುಗಿ ಬಂದ ಎನ್ನುವುದಿಲ್ಲವಾ? ಅದು ಬುದ್ಧಿಯ ಮಾತಲ್ಲ, ಸಂಕಟದ ಮಾತು. ಸಿನಿಮಾವನ್ನು ಬುದ್ಧಿಯ ಲೆಕ್ಕದಲ್ಲಿ ನೋಡಿದವರಿಗೆ ಆ ಗರ್ಭ ಒಂದು ದೊಡ್ಡ ತಪ್ಪು. ಸಂಕಟದ ಲೆಕ್ಕದಲ್ಲಿ ನೋಡಿದವರಿಗೆ ಆ ಗರ್ಭವೇ ಸಿನಿಮಾ.

ಎರಡನೇ ಆಕ್ಷೇಪವೂ ಪ್ರಸಿದ್ಧ. ಸಿನಿಮಾದಲ್ಲಿ ಅವರ ಮನೆಯ ಹತ್ತಿರ ಒಂದು ಅಬ್ಬಿ, ಅಂದರೆ ಜಲಪಾತ, ಇದೆ. ಅದರ ಭೋರ್ಗರೆತದಲ್ಲಿ ಮಾತಾಡಿದರೂ ಪ್ರಾಣಿಗಳಿಗೆ ಕೇಳುವುದಿಲ್ಲ. ತಂದೆ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾನೆ, ಇಬ್ಬರೂ ಬಾಯಿ ತೆರೆದು ಕಿರುಚುತ್ತಾರೆ. ಹಾಗಾದರೆ ಮನೆಯನ್ನೇ ಅಲ್ಲಿ ಕಟ್ಟಬಾರದಾ? ನಮ್ಮ ಅಂಗಳದ ತಗಡಿನ ಶೀಟಿನ ಮೇಲೆ ಮಳೆ ಬೀಳುತ್ತಿತ್ತು. ಟಿವಿಯ ಸದ್ದು ಕೇಳದೆ ಎರಡು ಸಲ ಜೋರು ಮಾಡಿದ್ದೆವು. ಹಾಗಾಗಿ ಈ ಪ್ರಶ್ನೆಗೆ ನಮ್ಮಲ್ಲಿ ಬಹಳ ಬೆಂಬಲ ಸಿಕ್ಕಿತು. ಅದು ಸಿನಿಮಾದ ನಿಜವಾದ ತೂತು ಎಂದು ನಾನೂ ಒಪ್ಪುತ್ತೇನೆ.

ಇಷ್ಟಾದರೂ ಹೆರಿಗೆಯ ದೃಶ್ಯ ಬಂದಾಗ ತೂತು ಹುಡುಕುವವರೂ ಉಸಿರು ಬಿಗಿಹಿಡಿದಿದ್ದರು. ತಾಯಿ ಒಬ್ಬಳೇ ಇದ್ದಾಳೆ. ನೋವು ಶುರುವಾಗಿದೆ. ಮೆಟ್ಟಿಲಿನಲ್ಲಿ ಎದ್ದು ನಿಂತ ಮೊಳೆ ಅಂಗಾಲಿಗೆ ಹೊಕ್ಕಿದೆ. ಮನೆಯೊಳಗೆ ಪ್ರಾಣಿ ಬಂದಿದೆ. ಅವಳು ಸ್ನಾನದ ತೊಟ್ಟಿಯಲ್ಲಿ ಕೂತು, ಬಾಯಿ ಮುಚ್ಚಿ, ಹೆರಬೇಕು. ಲೇಬರ್ ವಾರ್ಡಿನಲ್ಲಿ "ಸದ್ದು ಮಾಡಬೇಡಿ" ಎಂದು ಬೈಸಿಕೊಂಡ ಹೆಂಗಸರು ನಮ್ಮಲ್ಲಿ ಎಷ್ಟು ಜನ ಇಲ್ಲ? ಆ ದೃಶ್ಯದ ನಂತರ ಚಾವಡಿಯಲ್ಲಿದ್ದ ನಾಲ್ವರು ಹೆಂಗಸರು ತಮ್ಮ ತಮ್ಮ ಹೆರಿಗೆಯ ಕತೆ ಹೇಳಿದರು. ಎಮಿಲಿ ಬ್ಲಂಟ್‌ಗೆ ಈ ಪಾತ್ರಕ್ಕೆ ಅಮೆರಿಕದ ನಟರ ಸಂಘದ ಪ್ರಶಸ್ತಿ ಸಿಕ್ಕಿತು. ಸಿನಿಮಾದ ಸೌಂಡ್ ಎಡಿಟಿಂಗ್ ಆಸ್ಕರ್‌ಗೆ ನಾಮನಿರ್ದೇಶನವಾಯಿತು. ಕಿವಿ ಕೇಳದ ಮಗಳ ಪಾತ್ರ ಮಾಡಿದ ಮಿಲಿಸೆಂಟ್ ಸಿಮಂಡ್ಸ್ ನಿಜ ಜೀವನದಲ್ಲೂ ಕಿವಿ ಕೇಳದವರು. ಕ್ಯಾಮೆರಾ ಅವಳ ಕಡೆ ಹೋದಾಗ ಕೆಲವು ಸಲ ಸದ್ದು ಪೂರ್ತಿ ನಿಂತುಹೋಗುತ್ತದೆ. ಅಂಥ ಹೊತ್ತಿನಲ್ಲಿ ನಮಗೆ ಕೇಳುತ್ತಿದ್ದದ್ದು ಹೊರಗಿನ ಮಳೆ ಮಾತ್ರ.

ಅಂಕಗಳನ್ನು ಓದುವ ಕ್ರಮ

ನೋಡುಗರ ಅಭಿಪ್ರಾಯ ಎಂದರೆ ಈಗ ಎಲ್ಲರೂ ಮೊದಲು ನೋಡುವುದು ಅಂಕ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಬಿಡಿಸಲೇಬೇಕು.

'ರಾಟನ್ ಟೊಮೇಟೋಸ್' ಎಂಬ ಸೈಟಿನಲ್ಲಿ ವಿಮರ್ಶಕರ ಲೆಕ್ಕದಲ್ಲಿ 'ಎ ಕ್ವಾಯಟ್ ಪ್ಲೇಸ್'ಗೆ ಶೇಕಡಾ 90ಕ್ಕೂ ಜಾಸ್ತಿ, 'ಬರ್ಡ್ ಬಾಕ್ಸ್'ಗೆ 60ರ ಆಸುಪಾಸು. ಇದನ್ನು ಪರೀಕ್ಷೆಯ ಮಾರ್ಕಿನಂತೆ ಓದಬಾರದು. ಅಡಿಕೆ ಆರಿಸುವುದನ್ನು ನೆನಪು ಮಾಡಿಕೊಳ್ಳಿ. ಎರಡೇ ಬುಟ್ಟಿ ಇಟ್ಟಿದ್ದೀರಿ, ಒಂದು ಆಗಬಹುದು, ಇನ್ನೊಂದು ಆಗದು. ನೂರು ಅಡಿಕೆಯಲ್ಲಿ ಅರುವತ್ತು ಮೊದಲ ಬುಟ್ಟಿಗೆ ಬಿದ್ದರೆ ಅದು ಶೇಕಡಾ 60. ಆ ಅರುವತ್ತರಲ್ಲಿ ಎಷ್ಟು ಒಳ್ಳೆಯ ಚಾಲಿ, ಎಷ್ಟು ಹೇಗೋ ದಾಟಿಕೊಂಡದ್ದು ಎಂದು ಆ ಸಂಖ್ಯೆ ಹೇಳುವುದಿಲ್ಲ. ಎಲ್ಲರೂ "ಪರವಾಗಿಲ್ಲ" ಎಂದ ಸಿನಿಮಾಕ್ಕೆ 100 ಸಿಗಬಹುದು. ಅರ್ಧ ಜನ ಪ್ರಾಣ ಬಿಟ್ಟು ಪ್ರೀತಿಸಿ, ಅರ್ಧ ಜನ ದ್ವೇಷಿಸಿದ ಸಿನಿಮಾಕ್ಕೆ 50 ಸಿಗುತ್ತದೆ. ತಾಯಂದಿರ ಭಯದ ಸಿನಿಮಾಗಳು ಹೆಚ್ಚಾಗಿ ಈ ಎರಡನೇ ಗುಂಪಿನವು. ಹಾಗಾಗಿ ಅವುಗಳ ನಡುಮಟ್ಟದ ಅಂಕ ನೋಡಿ ನಡುಮಟ್ಟದ ಸಿನಿಮಾ ಎಂದುಕೊಳ್ಳಬೇಡಿ.

ಅಮೆರಿಕದಲ್ಲಿ 'ಸಿನಿಮಾಸ್ಕೋರ್' ಎಂಬ ಇನ್ನೊಂದು ಲೆಕ್ಕ ಇದೆ. ಬಿಡುಗಡೆಯ ದಿನ ಟಿಕೆಟ್ ಕೊಟ್ಟು ನೋಡಿದವರನ್ನೇ ಕೇಳಿ ಗ್ರೇಡ್ ಹಾಕುತ್ತಾರೆ. ಭಯದ ಸಿನಿಮಾಗಳಿಗೆ ಅದರಲ್ಲಿ ಒಳ್ಳೆಯ ಗ್ರೇಡ್ ಸಿಗುವುದು ಕಷ್ಟ. 'ಎ ಕ್ವಾಯಟ್ ಪ್ಲೇಸ್'ಗೆ ಬಿ ಪ್ಲಸ್ ಸಿಕ್ಕಿತು. ಅದೇ ವರ್ಷ ಬಂದ 'ಹೆರೆಡಿಟರಿ' ಕೂಡ ಒಬ್ಬ ತಾಯಿಯ ಸಂಕಟದ ಭಯಚಿತ್ರ. ವಿಮರ್ಶಕರು ತಲೆಮೇಲೆ ಹೊತ್ತರು. ಟಿಕೆಟ್ ಕೊಟ್ಟವರು ಡಿ ಪ್ಲಸ್ ಕೊಟ್ಟರು. ಯಾಕೆ ಈ ಅಂತರ? ನನಗೆ ಕಾಣುವ ಕಾರಣ ಸರಳ. ಒಂದರಲ್ಲಿ ತಾಯಿ ಮಕ್ಕಳನ್ನು ಕಾಯುತ್ತಾಳೆ. ಇನ್ನೊಂದರಲ್ಲಿ ತಾಯಿಯಿಂದಲೇ ಮಕ್ಕಳಿಗೆ ಅಪಾಯ ಇರಬಹುದು ಎಂಬ ಅನುಮಾನ ಬರುತ್ತದೆ. ತಾಯಿ ಸೋತರೆ ನಾವು ಅಳುತ್ತೇವೆ. ತಾಯಿಯ ಮೇಲೆ ಅನುಮಾನ ಬಂದರೆ ನಮಗೆ ಸಿಟ್ಟು ಬರುತ್ತದೆ, ಆ ಸಿಟ್ಟು ಸಿನಿಮಾದ ಮೇಲೆ ತಿರುಗುತ್ತದೆ.

'ನೆವರ್ ಲೆಟ್ ಗೋ' ಸಿಕ್ಕಿಬಿದ್ದದ್ದೂ ಇಂಥ ಜಾಗದಲ್ಲೇ. ಕೆಟ್ಟದ್ದು ನಿಜವಾಗಿ ಹೊರಗೆ ಇದೆಯಾ, ಅಥವಾ ತಾಯಿಯ ತಲೆಯೊಳಗೆ ಮಾತ್ರ ಇದೆಯಾ? ಲೋಕ ನಿಜಕ್ಕೂ ಮುಗಿದಿದೆಯಾ, ಅಥವಾ ಅವಳು ಸುಮ್ನೆ ಹಾಗೆ ನಂಬಿಸಿದ್ದಾಳಾ? ಅವಳಿಗಳಲ್ಲಿ ಒಬ್ಬ ತಾಯಿಯನ್ನು ನಂಬುತ್ತಾನೆ, ಇನ್ನೊಬ್ಬನಿಗೆ ಅನುಮಾನ. ಹಸಿವು ತಡೆಯದೆ ಮನೆಯ ನಾಯಿಯನ್ನೇ ಕೊಲ್ಲುವ ಮಾತು ಬಂದಾಗ ಅನುಮಾನ ಜಗಳವಾಗುತ್ತದೆ. ಕೊನೆಯವರೆಗೂ ಸಿನಿಮಾ ಖಡಾಖಂಡಿತವಾಗಿ ಉತ್ತರ ಕೊಡುವುದಿಲ್ಲ. "ಏನಾದರೂ ಒಂದು ಹೇಳಬಾರದಾ?" ಎಂದು ನೋಡುಗರು ಸಿಟ್ಟಾದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಮನೆಯಲ್ಲಿ ಬೆಳೆದ ಮಗುವಿಗೂ ಇದೇ ಸ್ಥಿತಿ ಅಲ್ವಾ? ಅಮ್ಮ ಹೇಳುವುದು ನಿಜವಾ, ಭ್ರಮೆಯಾ ಎಂದು ತಿಳಿಯಲು ಅವನಿಗೆ ಬೇರೆ ಯಾರು ಇದ್ದಾರೆ?

'ಬರ್ಡ್ ಬಾಕ್ಸ್' ತಾಯಿಯ ಮೇಲೆ ಬಂದ ದೂರು ಬೇರೆ. ಅವಳು ಕಲ್ಲುಹೃದಯದವಳು. ಮಕ್ಕಳಿಗೆ ಹೆಸರನ್ನೇ ಇಟ್ಟಿಲ್ಲ. "ಹುಡುಗ", "ಹುಡುಗಿ" ಎಂದೇ ಕರೆಯುತ್ತಾಳೆ. ಗದರುತ್ತಾಳೆ, ಮುದ್ದು ಮಾಡುವುದಿಲ್ಲ. ಆ ಹುಡುಗಿ ಅವಳು ಹೆತ್ತವಳೂ ಅಲ್ಲ. ಹೆರಿಗೆಯ ದಿನವೇ ಸತ್ತ ಇನ್ನೊಬ್ಬ ಹೆಂಗಸಿನ ಮಗು. ಹೊಳೆಯಲ್ಲಿ ನೀರಿನ ಸೆಳೆತ ಜೋರಾಗುವ ಒಂದು ಜಾಗ ಬರುತ್ತದೆ. ಅಲ್ಲಿ ದೋಣಿ ನಡೆಸಲು ಒಬ್ಬರು ಕಣ್ಣುಪಟ್ಟಿ ತೆಗೆಯಬೇಕು. ನೋಡಿದವರು ಸಾಯುತ್ತಾರೆ. ಯಾವ ಮಗುವಿನ ಪಟ್ಟಿ ತೆಗೆಸುವುದು? ಹುಡುಗಿ ತಾನೇ ಮುಂದೆ ಬರುತ್ತಾಳೆ. ತಾಯಿ ಬೇಡ ಎನ್ನುತ್ತಾಳೆ. ಯಾರೂ ನೋಡದೆಯೇ ದಾಟುತ್ತಾರೆ. ಕೊನೆಗೆ ಅವರು ತಲುಪುವುದು ಕುರುಡರ ಶಾಲೆಯೊಂದನ್ನು. ಅಲ್ಲಿ ಅವಳು ಮಕ್ಕಳಿಗೆ ಹೆಸರಿಡುತ್ತಾಳೆ, ನಾನು ಇವರ ತಾಯಿ ಎನ್ನುತ್ತಾಳೆ.

ಈ ಸಿನಿಮಾವನ್ನು ಮೊದಲ ವಾರವೇ 4.5 ಕೋಟಿಗೂ ಹೆಚ್ಚು ಖಾತೆಗಳಲ್ಲಿ ನೋಡಿದರು ಎಂದು ನೆಟ್‌ಫ್ಲಿಕ್ಸ್ ಹೇಳಿತು. ಜನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಾಡುವ ಹುಚ್ಚು ಶುರು ಮಾಡಿದರು. 2019ರ ಜನವರಿಯಲ್ಲಿ ಹಾಗೆ ಮಾಡಿ ಪೆಟ್ಟು ಮಾಡಿಕೊಳ್ಳಬೇಡಿ ಎಂದು ಕಂಪನಿಯೇ ಬೇಡಿಕೊಳ್ಳಬೇಕಾಯಿತು.

ಆ ತಾಯಿ ಹೆಸರು ಇಡದೆ ಇದ್ದದ್ದು ಯಾಕೆ? ಹೆಸರಿಟ್ಟರೆ ಅಂಟು ಬೆಳೆಯುತ್ತದೆ. ನಾಳೆ ಸತ್ತುಹೋದರೆ ತಡೆಯಲಾಗದು. ನಮ್ಮ ಅಜ್ಜಿಯಂದಿರ ಕಾಲದಲ್ಲಿ, ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದು ಹೋಗುತ್ತಿದ್ದ ಮನೆಗಳಲ್ಲಿ, ಮುಂದಿನ ಮಗುವಿಗೆ ಗುಂಡ, ತಿಪ್ಪ ಎಂದು ಏನೋ ಒಂದು ಕರೆಯುತ್ತಿದ್ದರು. ಚಂದದ ಹೆಸರಿಟ್ಟರೆ ಯಮನ ಕಣ್ಣು ಬೀಳುತ್ತದೆ ಎಂಬ ಹೆದರಿಕೆ. ಆ ಅಜ್ಜಿಯಂದಿರನ್ನು ಯಾರೂ ಕಲ್ಲುಹೃದಯದವರು ಎನ್ನಲಿಲ್ಲ.

ತಾಯಿಯನ್ನು ಅಳೆಯಲು ನಮ್ಮ ಕೈಯಲ್ಲಿ ಒಂದು ಅಳತೆಗೋಲು ಮೊದಲೇ ಇರುತ್ತದೆ. ಕನ್ನಡದವರಿಗೆ ಅದು ಹೆಚ್ಚಾಗಿ ಪುಣ್ಯಕೋಟಿ. ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಾಯಿಗೆ ಹೋಗಲು ಹೊರಟ ತಾಯಿ. ಈ ಸಿನಿಮಾಗಳ ತಾಯಂದಿರು ಮಗು ಉಳಿಯುವುದಾದರೆ ಸುಳ್ಳನ್ನೂ ಹೇಳುತ್ತಾರೆ, ಹೆದರಿಸುತ್ತಾರೆ, ಕಟ್ಟಿಹಾಕುತ್ತಾರೆ. ಹಾಗಾಗಿ ನಮ್ಮಲ್ಲಿ ಕೆಲವರಿಗೆ ಇವರು ತಾಯಂದಿರೇ ಅಲ್ಲ ಎನಿಸುತ್ತದೆ. ಆದರೆ ಪುಣ್ಯಕೋಟಿಯ ಕತೆಯನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಹೊರಡುವ ಮೊದಲು ಅವಳು ಎಷ್ಟು ಹೊತ್ತು ದೊಡ್ಡಿಯಲ್ಲಿ ನಿಲ್ಲುತ್ತಾಳೆ! ತಬ್ಬಲಿಯಾಗುವ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುತ್ತಾಳೆ, ನಿಮ್ಮದೇ ಕರುವಿನಂತೆ ನೋಡಿಕೊಳ್ಳಿ ಎಂದು ಬೇಡುತ್ತಾಳೆ. ಸಣ್ಣವರಿದ್ದಾಗ ನಮ್ಮನ್ನು ಅಳಿಸಿದ್ದು ಆ ಭಾಗವೇ. ನಾನು ಹೋದ ಮೇಲೆ ಇವನಿಗೆ ಯಾರು?

ಮೂರು ಸಿನಿಮಾಗಳ ಒಳಗೂ ಇದೇ ಪ್ರಶ್ನೆ ಇದೆ. ಮೇಲ್ನೋಟಕ್ಕೆ ಅವು "ಇವರು ಬದುಕುತ್ತಾರಾ?" ಎಂದು ಕೇಳುತ್ತವೆ. ಆ ಪ್ರಶ್ನೆಯನ್ನು ಹಿಡಿದು ಕೂತವರಿಗೆ ಕತೆ ನಿಧಾನ, ಅಬ್ಬಿಯ ಹತ್ತಿರ ಮನೆ ಕಟ್ಟದ್ದು ದಡ್ಡತನ, ಪ್ರಾಣಿಗಳು ಎಲ್ಲಿಂದ ಬಂದವು ಎಂದು ಹೇಳದ್ದು ಮೋಸ. ಅಡಿಯಲ್ಲಿ ಹರಿಯುವುದು "ನನ್ನ ನಂತರ ಯಾರು?" ಎಂಬ ಪ್ರಶ್ನೆ. ಅದು ಕಿವಿಗೆ ಬಿದ್ದವರಿಗೆ ಉಳಿದದ್ದು ಯಾವುದೂ ಮುಖ್ಯ ಅನಿಸುವುದಿಲ್ಲ. ಇಬ್ಬರೂ ನೋಡಿದ್ದು ಒಂದೇ ಸಿನಿಮಾ ಎಂದು ಹೇಳುವುದು ಕಷ್ಟ.

ಇಂಥ ವಾದ ನಮಗೆ ಹೊಸತೇನಲ್ಲ. ತಾಳಮದ್ದಳೆ ಎಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಅದರಲ್ಲಿ ಪಾತ್ರವಾಗಿ ಮಾತಾಡುವವರು ಅರ್ಥಧಾರಿಗಳು. ಅಂಥ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ರಾಮನನ್ನು ಪ್ರಶ್ನಿಸುವುದನ್ನು ಕೇಳಿ ಬೆಳೆದ ಸೀಮೆ ಇದು. 'ಕರ್ಣಭೇದನ' ತಾಳಮದ್ದಳೆ ಮುಗಿದ ರಾತ್ರಿ, ಟಾರ್ಚ್ ಹಿಡಿದು ಗದ್ದೆಬದುವಿನಲ್ಲಿ ಮನೆಗೆ ನಡೆಯುವಾಗ, ಕುಂತಿ ಮಾಡಿದ್ದು ಸರಿಯಾ ಎಂದು ದೊಡ್ಡವರು ವಾದಿಸುವುದನ್ನು ನಾನು ಕೇಳಿದ್ದೇನೆ. ಮಗುವನ್ನು ಹೊಳೆಗೆ ಬಿಟ್ಟ ತಾಯಿ ಅವಳು. ಒಂದು ರಾತ್ರಿ ಅರ್ಥಧಾರಿಯ ಮಾತಿನ ಬಲದಲ್ಲಿ ಅವಳು ಗೆಲ್ಲುತ್ತಾಳೆ, ಇನ್ನೊಂದು ರಾತ್ರಿ ಕರ್ಣ ಗೆಲ್ಲುತ್ತಾನೆ. ಪ್ರಸಂಗ ಅದೇ. ಯಾರ ನೋವನ್ನು ಅಂದು ಮುಂದೆ ತಂದು ಇಟ್ಟರು ಎಂಬುದರ ಮೇಲೆ ತೀರ್ಪು ಬದಲಾಗುತ್ತದೆ.

ಬಾಗಿಲಲ್ಲಿ ನಿಂತು ನೋಡಿದವರು

ಅಂದು ನಮ್ಮ ಚಾವಡಿಗೆ ಇನ್ನೊಬ್ಬರು ಬಂದಿದ್ದರು. ಕೂರಲಿಲ್ಲ. ಸೆರಗಿನಲ್ಲಿ ತಲೆ ಒರೆಸುತ್ತಾ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರು. ಹಾಲು ಕೊಡಲು ಬಂದವರು.

ನಾವು ಇರುವುದು ಎಣ್ಮಕಜೆ ಪಂಚಾಯತಿನಲ್ಲಿ. ಇಲ್ಲಿಯ ಗುಡ್ಡಗಳಲ್ಲಿ ಸರ್ಕಾರಿ ಸ್ವಾಮ್ಯದ ಗೇರು ತೋಟಗಳಿವೆ. ಎಪ್ಪತ್ತರ ದಶಕದಿಂದ 2000ದವರೆಗೆ ಆ ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಗುಡ್ಡದ ಕೆಳಗೆ ಮನೆಗಳು, ತೆರೆದ ಬಾವಿಗಳು, ನೀರು ತರುವ ಸುರಂಗಗಳು. ಹುಟ್ಟಿದ ಮಕ್ಕಳ ಕೈಕಾಲು, ತಲೆ, ಮಾತು ಸರಿ ಇಲ್ಲದೆ ಹೋದಾಗ ಮೊದಮೊದಲು ಜನ ದೈವದ ಕೋಪ ಎಂದುಕೊಂಡರು. ಪತ್ರಕರ್ತ ಶ್ರೀಪಡ್ರೆ, ಡಾಕ್ಟರ್ ಮೋಹನ್ ಕುಮಾರ್ ಅಂಥವರು ಇಲ್ಲೇ ಇದ್ದು ಕಂಡದ್ದನ್ನು ಬರೆದು, ಹೇಳಿ, ಲೋಕಕ್ಕೆ ತಿಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಮದ್ದನ್ನು ದೇಶದಲ್ಲೇ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಅದನ್ನು ಪಡೆಯಲಿಕ್ಕೂ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದವರೆಗೆ ಹೋಗಿ ಸತ್ಯಾಗ್ರಹ ಕೂರಬೇಕಾಯಿತು.

ಬಾಗಿಲಲ್ಲಿ ನಿಂತವರು ಅಂಥ ಒಬ್ಬ ತಾಯಿ. ಅವರ ಮಗಳಿಗೆ ಈಗ ಮೂವತ್ತು ದಾಟಿತು. ಮಾತಿಲ್ಲ, ನಡೆಯುವುದಿಲ್ಲ. ಸದ್ದು ಮಾಡುತ್ತಾಳೆ. ಯಾವ ಸದ್ದು ಹಸಿವಿನದು, ಯಾವುದು ನೋವಿನದು, ಯಾವುದು ಮಗ್ಗುಲು ಬದಲಿಸು ಎನ್ನುವುದು ಎಂದು ಅಮ್ಮನಿಗೆ ಗೊತ್ತು. ಸಿನಿಮಾದಲ್ಲಿ ಸದ್ದು ಎಂದರೆ ಸಾವು. ಆ ಮನೆಯಲ್ಲಿ ಸದ್ದು ಎಂದರೆ ಮಗಳು ಇದ್ದಾಳೆ ಎಂದು.

ಹುಟ್ಟಿದ ಮಗುವಿನ ಅಳು ಹೊರಗೆ ಕೇಳಬಾರದೆಂದು ಸಿನಿಮಾದ ತಂದೆತಾಯಿ ಒಂದು ಮುಚ್ಚಳದ ಪೆಟ್ಟಿಗೆ ಮಾಡಿಟ್ಟಿರುತ್ತಾರೆ. ಉಸಿರಾಟಕ್ಕೆ ಆಕ್ಸಿಜನ್ ಬಿಟ್ಟು ಮಗುವನ್ನು ಅದರೊಳಗೆ ಮಲಗಿಸುತ್ತಾರೆ. ಆ ದೃಶ್ಯ ಬರುವಾಗ ಆ ತಾಯಿ, "ಅವಳಿಗೆ ನಿದ್ದೆ ಯಾವಾಗ?" ಎಂದು ಕೇಳಿದರು. ಮಗುವಿನ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡೆ. "ಅಲ್ಲ, ಆ ಅಮ್ಮನಿಗೆ" ಎಂದರು. ಉತ್ತರಕ್ಕೆ ಕಾಯದೆ, ಮಗಳು ಎದ್ದಿರಬಹುದು ಎಂದು ಹೊರಟುಹೋದರು.

ಇಷ್ಟು ವಿಮರ್ಶೆ ಓದಿದ್ದೇನೆ, ಈ ಪ್ರಶ್ನೆ ಯಾರೂ ಕೇಳಿದ್ದನ್ನು ನೋಡಿಲ್ಲ. ನಿಜಕ್ಕೂ ಆ ಸಿನಿಮಾದಲ್ಲಿ ತಾಯಿ ಯಾವಾಗ ಮಲಗುತ್ತಾಳೆ?

ಇಂಗ್ಲೆಂಡಿನ ಮಕ್ಕಳ ಡಾಕ್ಟರ್ ಡೊನಾಲ್ಡ್ ವಿನಿಕಾಟ್ ಕಳೆದ ಶತಮಾನದ ನಡುವಿನಲ್ಲಿ ಒಂದು ಮಾತು ಹೇಳಿದ್ದರು. ಮಗುವಿಗೆ ಒಂದೂ ತಪ್ಪಿಲ್ಲದ ತಾಯಿ ಬೇಕಾಗಿಲ್ಲ, ಸಾಕು ಎನ್ನುವಷ್ಟು ಒಳ್ಳೆಯ ತಾಯಿ ಸಾಕು ಎಂದು. ತಾಯಿ ಸ್ವಲ್ಪ ಸ್ವಲ್ಪವೇ ತಪ್ಪಿದಾಗ, ತಡಮಾಡಿದಾಗ, ಮಗು ಲೋಕವನ್ನು ಕಲಿಯುತ್ತದೆ. ಎಷ್ಟೋ ತಾಯಂದಿರಿಗೆ ಸಮಾಧಾನ ಕೊಟ್ಟ ಮಾತು ಅದು. ಲೋಕ ಮುಗಿದ ಮೇಲಿನ ಸಿನಿಮಾಗಳು ಆ ಸಮಾಧಾನವನ್ನು ಕಿತ್ತುಕೊಳ್ಳುತ್ತವೆ. ಅಲ್ಲಿ ಒಂದೇ ಒಂದು ತಪ್ಪಿಗೂ ಜಾಗ ಇಲ್ಲ. ಒಂದು ಮೊಳೆ, ಒಂದು ಆಟಿಕೆ, ಒಂದು ಕ್ಷಣದ ನಿದ್ದೆ, ಅಷ್ಟೇ ಸಾಕು. ನೋಡಿದವರಿಗೆ ಉಸಿರುಗಟ್ಟುವುದು ಅದಕ್ಕೆ. ಹಾಗೆಯೇ ದಿನಾ ಬದುಕುವ ಮನೆಗಳು ನಮ್ಮ ಪಂಚಾಯತಿನಲ್ಲೇ ಇವೆ.

ಎರಡು ದಿನ ಬಿಟ್ಟು ಹಾಲು ಕೊಡಲು ಬಂದಾಗ ಅವರು ಮತ್ತೆ ಸಿನಿಮಾದ ಮಾತೆತ್ತಿದರು. ನಾನು ಉಳಿದ ಕತೆ ಹೇಳತೊಡಗಿದೆ. ಮಕ್ಕಳನ್ನು ಉಳಿಸಲು ತಂದೆ ಬೇಕೆಂದೇ ಕಿರುಚಿ ಪ್ರಾಣಿಯನ್ನು ತನ್ನ ಕಡೆ ಕರೆದು ಸಾಯುತ್ತಾನೆ ಎಂದೆ. ಮಗಳ ಕಿವಿಯ ಯಂತ್ರದ ಸದ್ದಿಗೆ ಆ ಪ್ರಾಣಿಗಳು ತತ್ತರಿಸುತ್ತವೆ ಎಂದು ಗೊತ್ತಾಗುತ್ತದೆ, ಎಳೆ ಮಗುವೂ ಉಳಿಯುತ್ತದೆ ಎಂದೆ.

"ಅದಲ್ಲ ಅಕ್ಕ," ಎಂದರು, "ಅಮ್ಮ ಇದ್ದಾಳಾ?"

"ಇದ್ದಾಳೆ. ಕೊನೆಗೆ ಕೋವಿ ಹಿಡಿದು ನಿಲ್ತಾಳೆ."

"ಹಾಗಾದ್ರೆ ಸರಿ" ಎಂದು ಪಾತ್ರೆ ತೆಗೆದುಕೊಂಡು, ಕೊಡೆ ಬಿಡಿಸಿ, ಮಳೆಯಲ್ಲಿ ಇಳಿದು ಹೋದರು.